ಬಾಣಂತಿ ಕೋಣೆಗೆ ಅಟ್ಟದ ಸಾಮಾನು: ಐದು ಹಳೆಯ ಪೀಠೋಪಕರಣಗಳ ವಿಮರ್ಶೆ

ನಮ್ಮ ಮನೆಗಳಲ್ಲಿ ಕೂಸಿಗೆಂದೇ ಬೇರೆ ಕೋಣೆ ಮಾಡುವವರು ಕಡಿಮೆ. ಬಾಣಂತಿ ಕೋಣೆಯ ಒಂದು ಮೂಲೆಯೇ ಅದರ ಪಾಲು, ಅದೂ ಹೆಚ್ಚಾಗಿ ತವರುಮನೆಯಲ್ಲಿ. ಏಳನೇ ತಿಂಗಳು ತುಂಬುವ ಹೊತ್ತಿಗೆ ಅಟ್ಟದಿಂದ, ಹಿಂದಿನ ಕೋಣೆಯಿಂದ ಹಳೆ ಸಾಮಾನು ಒಂದೊಂದಾಗಿ ಇಳಿಯತೊಡಗುತ್ತದೆ: ಅಜ್ಜಿ ಕಾಲದ ತೊಟ್ಟಿಲು, ಡ್ರಾಯರ್‌ಗಳ ಕಪಾಟು ಅಥವಾ ಕನ್ನಡಿ ಒಡೆದ ಡ್ರೆಸಿಂಗ್ ಟೇಬಲ್ಲು, ಕಬ್ಬಿಣದ ಬೀರು, ಬೆತ್ತದ ಕುರ್ಚಿ, ತಗಡಿನ ಟ್ರಂಕು. ಇಲ್ಲಿ ಆ ಐದನ್ನೂ ಒಂದೊಂದಾಗಿ ಪರೀಕ್ಷಿಸಲಾಗಿದೆ. ತೀರ್ಪನ್ನು ಮೊದಲೇ ಹೇಳಿಬಿಡುವುದಾದರೆ, ಬಟ್ಟೆಬರೆ ಇಡುವುದಕ್ಕೆ ಹಳೆಯದು ಹೊಸದಕ್ಕಿಂತ ಮೇಲು. ಮಗುವನ್ನು ರಾತ್ರಿಯಿಡೀ ಮಲಗಿಸುವುದಕ್ಕೆ ಹಳೆಯದು ಬೇಡವೇ ಬೇಡ. ಖರ್ಚು ಮಾಡುವ ದುಡ್ಡು ಬಣ್ಣಕ್ಕಿಂತ ಮೊದಲು ಮರಕ್ಕೆ ಮರ ಸೇರುವ ಕೂಡುಗಳಿಗೆ, ಗೋಡೆಗೆ ಬಿಗಿಯುವುದಕ್ಕೆ ಹೋಗಬೇಕು.

"ಹಳೇ ಮರ, ಕಲ್ಲಿನ ಹಾಗಿದೆ" ಎಂಬ ಮಾತು ಅರ್ಧ ಸತ್ಯ. ತೇಗ, ಬೀಟೆ, ಹಲಸು ಇವುಗಳ ಕಾಂಡದ ನಡುಭಾಗ ನೂರು ವರ್ಷ ಬಾಳುವುದು ನಿಜವೇ. ಆದರೆ ಅವನ್ನು ಹಿಡಿದಿಟ್ಟ ಸರೇಸು ಎಂಬ ಹಳೆ ಅಂಟು, ಮೊಳೆ ಮತ್ತು ಮೇಲೆ ಬಳಿದ ಬಣ್ಣ ಅಷ್ಟು ಬಾಳುವುದಿಲ್ಲ. ಮಗುವಿಗೆ ಅಪಾಯ ಬರುವುದು ಈ ಮೂರರಿಂದಲೇ.

ಒಳಗೆ ತರುವ ಮೊದಲು ನೋಡಬೇಕಾದ್ದು

ಮೊದಲ ಪ್ರಶ್ನೆ ಸೀಸ. ಭಾರತದಲ್ಲಿ ಮನೆ ಬಳಕೆಯ ಬಣ್ಣಗಳಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದು ಎಂಬ ನಿಯಮ 2016ರಲ್ಲಿ ಹೊರಟು, 2017ರ ನವೆಂಬರ್ 1ರಿಂದ ಜಾರಿಗೆ ಬಂತು. ಅಮೆರಿಕದಲ್ಲಿ ಸೀಸದ ಬಣ್ಣಕ್ಕೆ ನಿಷೇಧ ಬಿದ್ದದ್ದು 1978ರಲ್ಲಿ. ಅಂದರೆ ನಮ್ಮಲ್ಲಿ 2017ಕ್ಕೆ ಮೊದಲು ಎನಾಮೆಲ್ ಬಳಿಸಿಕೊಂಡ ಯಾವ ಸಾಮಾನನ್ನೂ ಪರೀಕ್ಷೆಯಿಲ್ಲದೆ ನಂಬುವಂತಿಲ್ಲ. ಹಳದಿ, ಕಿತ್ತಳೆ, ಕೆಂಪು, ಎಲೆಹಸಿರು ಎನಾಮೆಲ್‌ಗಳ ಮೇಲೆ ಅನುಮಾನ ಹೆಚ್ಚು, ಏಕೆಂದರೆ ಆ ಬಣ್ಣಗಳ ಹೊಳಪಿಗೆ ಲೆಡ್ ಕ್ರೋಮೇಟ್ ಎಂಬ ಸೀಸದ ಸಂಯುಕ್ತ ಬಳಸುತ್ತಿದ್ದರು. ಮಗು ಬಣ್ಣವನ್ನು ಉಗುರಿನಲ್ಲಿ ಕೆರೆದು ತಿನ್ನಬೇಕೆಂದೇನೂ ಇಲ್ಲ. ಡ್ರಾಯರ್ ಉಜ್ಜಿ ಉಜ್ಜಿ ಬೀಳುವ ಪುಡಿ ನೆಲಕ್ಕೆ ಸೇರುತ್ತದೆ, ನೆಲದಿಂದ ಕೈಗೆ, ಕೈಯಿಂದ ಬಾಯಿಗೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಅವರಂಥವರು ವರ್ಷಗಟ್ಟಲೆ ಎಚ್ಚರಿಸುತ್ತಾ ಬಂದ ವಿಷಯ ಇದು. ಮಕ್ಕಳ ರಕ್ತದಲ್ಲಿ ಇಷ್ಟು ಸೀಸ ಇದ್ದರೆ ಅಪಾಯವಿಲ್ಲ ಎನ್ನುವಂಥ ಮಟ್ಟ ಯಾವುದೂ ಗೊತ್ತಾಗಿಲ್ಲ.

ಪರೀಕ್ಷೆ ಮಾಡಿಸುವುದಾದರೆ ಬಣ್ಣದ ಚಕ್ಕೆಯನ್ನು, ಮರದ ತನಕ ಎಲ್ಲ ಪದರಗಳೂ ಬರುವ ಹಾಗೆ, ಬ್ಲೇಡಿನಲ್ಲಿ ಎಬ್ಬಿಸಿ ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಪ್ರಯೋಗಾಲಯಕ್ಕೆ ಕೊಡಬೇಕು. ಮೇಲಿನ ಪದರ ಮಾತ್ರ ಕೊಟ್ಟರೆ ಕೆಳಗಿನ ಹಳೆ ಎನಾಮೆಲ್ ತಪ್ಪಿಸಿಕೊಳ್ಳುತ್ತದೆ. ಪರೀಕ್ಷೆಯ ಗೋಜು ಬೇಡವೆಂದರೆ ಸುಲಭದ ದಾರಿಯೊಂದಿದೆ: ಎಂದೂ ಬಣ್ಣ ಕಾಣದ, ಬರೀ ಸ್ಪಿರಿಟ್ ಪಾಲಿಶ್ ಕಂಡ ಮರದ ಸಾಮಾನನ್ನಷ್ಟೇ ಆರಿಸುವುದು. ಸ್ಪಿರಿಟ್ ಪಾಲಿಶ್ ಎಂದರೆ ಸ್ಪಿರಿಟ್‌ನಲ್ಲಿ ಕರಗಿಸಿದ ಅರಗು, ಅದರಲ್ಲಿ ಸೀಸಕ್ಕೆ ಕೆಲಸವಿಲ್ಲ. ಪಾಲಿಶ್ ಯಾವುದೆಂದು ತಿಳಿಯಲು ಹಿಂಬದಿಯ ಮೂಲೆಯಲ್ಲಿ ಸ್ಪಿರಿಟ್ ಅದ್ದಿದ ಹತ್ತಿಯನ್ನು ಅರ್ಧ ನಿಮಿಷ ಒತ್ತಿಹಿಡಿಯಿರಿ. ಅಂಟಂಟಾಗಿ ಕಂದುಬಣ್ಣ ಹತ್ತಿಗೆ ಬಂದರೆ ಅರಗು. ಏನೂ ಬಾರದಿದ್ದರೆ ವಾರ್ನಿಷ್, ಮೆಲಮೈನ್ ಅಥವಾ ಪಿಯು (ಪಾಲಿಯುರೆಥೇನ್).

ಅನುಮಾನದ ಬಣ್ಣವನ್ನು ಒಣ ಉಪ್ಪುಕಾಗದದಲ್ಲಿ ಉಜ್ಜುವುದು, ಸ್ಯಾಂಡರ್ ಯಂತ್ರ ಹಚ್ಚುವುದು, ಬೆಂಕಿ ತೋರಿಸಿ ಎಬ್ಬಿಸುವುದು, ಈ ಮೂರೂ ಸೀಸವನ್ನು ಗಾಳಿಗೆ ಬಿಡುವ ದಾರಿಗಳು. ಗರ್ಭಿಣಿ ಇರುವ ಮನೆಯೊಳಗೆ ಈ ಕೆಲಸ ನಡೆಯಲೇಬಾರದು. ಮಾಡಲೇಬೇಕಿದ್ದರೆ ಹೊರಗೆ ಪ್ಲಾಸ್ಟಿಕ್ ಹಾಳೆ ಹಾಸಿ, ನೀರು ಚಿಮುಕಿಸುತ್ತಾ ಕೆರೆದು, ಕೆರೆದದ್ದನ್ನು ಹಾಳೆಯ ಸಮೇತ ಮಡಚಿ ಕಟ್ಟಬೇಕು. ಕೆಲಸದವರ ಬಟ್ಟೆ ಬೇರೆಯಾಗಿಯೇ ಒಗೆಯಬೇಕು.

ಎರಡನೆಯದು ಹುಳು. ತೇಗದ ಹೊರಭಾಗದ ಬಿಳಿಮರಕ್ಕೆ ಕೊರೆಹುಳು ಹತ್ತುತ್ತದೆ. ಸೂಜಿಮೊನೆಯಷ್ಟು ತೂತುಗಳು, ಕೆಳಗೆ ಹಿಟ್ಟಿನಂಥ ಪುಡಿ. ತೂತು ಇದ್ದ ಮಾತ್ರಕ್ಕೆ ಹುಳು ಇದೆ ಎಂದಲ್ಲ. ಸಾಮಾನನ್ನು ಚೆನ್ನಾಗಿ ಕೊಡವಿ, ಅಡಿಯಲ್ಲಿ ಕಪ್ಪು ಕಾಗದ ಹಾಸಿ ಎರಡು ವಾರ ಅಲುಗಿಸದೆ ಬಿಡಿ. ಹೊಸ ಪುಡಿ ಬಿದ್ದರೆ ಹುಳು ಜೀವಂತ. ಆಗ ಕ್ಲೋರ್‌ಪೈರಿಫಾಸ್‌ನಂಥ ಗೆದ್ದಲು ಔಷಧಿ ಹೊಡೆಸಿ ಕೂಸಿನ ಕೋಣೆಗೆ ತರುವುದಕ್ಕಿಂತ ಆ ಸಾಮಾನನ್ನೇ ಬಿಡುವುದು ಲೇಸು. ಹುಳು ಹಿಡಿದದ್ದು ಒಂದೇ ಹಲಗೆಯಾಗಿದ್ದರೆ ಅದೊಂದನ್ನು ಬದಲಿಸಿದರೂ ಆದೀತು.

ಡ್ರಾಯರ್‌ಗಳ ಕಪಾಟು: ಹತ್ತಕ್ಕೆ ಒಂಬತ್ತು

ಐದರಲ್ಲಿ ಮೊದಲ ಸ್ಥಾನ ಇದಕ್ಕೆ. ಮೂರು ಅಥವಾ ನಾಲ್ಕು ಡ್ರಾಯರಿನ, ಸೊಂಟದೆತ್ತರದ ತೇಗದ ಕಪಾಟು ಸಿಕ್ಕರೆ ಮಗುವಿನ ಬಟ್ಟೆ ಇಡುವುದಕ್ಕೂ ಆಯಿತು, ಮೇಲೆ ಹಾಸಿಗೆ ಹಾಕಿ ಲಂಗೋಟಿ ಬದಲಿಸುವುದಕ್ಕೂ ಆಯಿತು. ಅಸಲಿಗೆ ನೆಲದ ಮೇಲೆ ಚಾಪೆ ಹಾಸಿ ಬದಲಿಸುವುದಕ್ಕಿಂತ ಸುರಕ್ಷಿತವಾದದ್ದು ಬೇರಿಲ್ಲ, ನೆಲದಿಂದ ಯಾವ ಮಗುವೂ ಬೀಳುವುದಿಲ್ಲ. ಆದರೆ ಸಿಸೇರಿಯನ್ ಆದವರಿಗೆ ಮೊದಲ ಆರು ವಾರ ಬಗ್ಗಿ ಏಳುವುದೇ ಕಷ್ಟ, ಅವರಿಗಾಗಿ ಈ ಎತ್ತರ.

ಎತ್ತರ ಎಷ್ಟು? ನಿಂತ ತಾಯಿಯ ಮೊಣಕೈಗಿಂತ 10ರಿಂದ 15 ಸೆಂ.ಮೀ. ಕೆಳಗೆ ಇರಬೇಕು. ಐದೂಕಾಲು ಅಡಿಯವರಿಗೆ ಅದು ಸುಮಾರು 85ರಿಂದ 90 ಸೆಂ.ಮೀ., ಹಾಸಿಗೆಯ ದಪ್ಪ ಸೇರಿಸಿ. ಡ್ರೆಸಿಂಗ್ ಟೇಬಲ್‌ಗಳು ಸಾಮಾನ್ಯವಾಗಿ 75 ಸೆಂ.ಮೀ. ಇರುತ್ತವೆ. ಕನ್ನಡಿ ಬಿಚ್ಚಿ, ಅಡಿಗೆ 10 ಸೆಂ.ಮೀ.ನ ಪೀಠ ಕೊಟ್ಟರೆ ಸರಿಹೋಗುತ್ತದೆ. ಪೀಠ ಕಪಾಟಿನ ಅಗಲಕ್ಕಿಂತ ಒಳಗೆ ಸರಿದಿರಬಾರದು. ಮೇಲ್ಹಲಗೆಯ ಆಳ 45 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಈ ಕೆಲಸಕ್ಕೆ ಬೇಡ, ಬಟ್ಟೆಗಷ್ಟೇ ಬಳಸಿ. ಆಳ ಸಾಲದೆಂದು ಮುಂದಕ್ಕೆ ಹಲಗೆ ಚಾಚಿಸುವ ಬಡಗಿಗಳಿದ್ದಾರೆ. ಅದು ಕಪಾಟನ್ನು ಮುಂದಕ್ಕೆ ಮಗುಚುವ ನೇರ ದಾರಿ. ಮೇಲೆ ಮೂರು ಬದಿಗೆ 10 ಸೆಂ.ಮೀ. ಎತ್ತರದ ಅಂಚುಪಟ್ಟಿ ಹಾಕಿ, ಅದನ್ನು ಅಂಟಿನಿಂದಲ್ಲ, ಕೆಳಗಿನಿಂದ ಸ್ಕ್ರೂ ಕೊಟ್ಟು ಬಿಗಿಯಿರಿ. ಮಗು ದೊಡ್ಡದಾದ ಮೇಲೆ ಬಿಚ್ಚಿ ತೆಗೆಯಬಹುದು.

ಇನ್ನು ಮಗುಚುವ ವಿಷಯ. ಮಗು ನಡೆಯಲು ಕಲಿತ ಮೇಲೆ ಕೆಳಗಿನ ಡ್ರಾಯರ್ ಎಳೆದು ಅದರ ಮೇಲೆ ಕಾಲಿಟ್ಟು ಹತ್ತುತ್ತದೆ. ಅಮೆರಿಕದಲ್ಲಿ 2016ರಲ್ಲಿ ಐಕಿಯಾ ಎಂಬ ಪೀಠೋಪಕರಣ ಕಂಪನಿ ಮಾಲ್ಮ್ ಮತ್ತಿತರ ಮಾದರಿಯ 2.9 ಕೋಟಿ ಕಪಾಟುಗಳನ್ನು ವಾಪಸು ಕರೆದದ್ದು ಇದೇ ಕಾರಣಕ್ಕೆ. ಆಮೇಲೆ 2022ರ ಡಿಸೆಂಬರಿನಲ್ಲಿ ಅಲ್ಲಿ ಕಾಯ್ದೆಯೇ ಆಯಿತು: 60 ಪೌಂಡ್, ಅಂದರೆ 27 ಕಿಲೋ ತನಕದ ಮಗು ಹತ್ತಿದರೂ ಕಪಾಟು ಬೀಳಕೂಡದು. ಹಳೆ ತೇಗದ ಕಪಾಟು ಭಾರ ಇದೆ, ಬೀಳಲಾರದು ಎಂದುಕೊಳ್ಳುವುದು ತಪ್ಪು. ಭಾರದ ಕಪಾಟಿನ ಡ್ರಾಯರೂ ಭಾರ. ಎಲ್ಲ ಡ್ರಾಯರ್ ಒಟ್ಟಿಗೆ ಹೊರಬಂದರೆ ತೂಕ ಮುಂದಕ್ಕೆ ಜಾರುತ್ತದೆ. ಬಿದ್ದಾಗ ಪೆಟ್ಟೂ ಅಷ್ಟೇ ಭಾರ.

ಗೋಡೆಗೆ ಬಿಗಿಯುವ ಕ್ರಮ ಹೀಗೆ. ಕಪಾಟಿನ ಹಿಂದೆ ಇರುವ ತೆಳು ಪ್ಲೈವುಡ್‌ಗೆ ಎಲ್ ಕ್ಲಾಂಪ್ ಹಾಕಬೇಡಿ, ಅದು ಕಿತ್ತು ಬರುತ್ತದೆ. ಮೇಲ್ಹಲಗೆಯ ಕೆಳಗಿನ ಗಟ್ಟಿ ಪಟ್ಟಿಗೆ ಅಥವಾ ಬದಿಯ ಹಲಗೆಗೆ ಹಾಕಿ, ಕನಿಷ್ಠ ಎರಡು ಕಡೆ. ಇಟ್ಟಿಗೆ ಅಥವಾ ಕಾಂಕ್ರೀಟ್ ಬ್ಲಾಕಿನ ಗೋಡೆಯಾದರೆ 8 ಎಂ.ಎಂ. ಡ್ರಿಲ್‌ನಲ್ಲಿ 60 ಎಂ.ಎಂ. ಆಳದ ತೂತು, 8 ಎಂ.ಎಂ. ನೈಲಾನ್ ಪ್ಲಗ್, 5 ಎಂ.ಎಂ. ದಪ್ಪದ 60 ಎಂ.ಎಂ. ಸ್ಕ್ರೂ. ಇಷ್ಟುದ್ದ ಯಾಕೆಂದರೆ ಗಾರೆಯೇ 15–20 ಎಂ.ಎಂ. ಇರುತ್ತದೆ, ಗಾರೆಗೆ ಹಿಡಿತವಿಲ್ಲ. ಪ್ಲಗ್ ಅದನ್ನು ದಾಟಿ ಇಟ್ಟಿಗೆಯೊಳಗೆ ಕೂರಬೇಕು. ಬೆಂಗಳೂರಿನ ಹೊಸ ಅಪಾರ್ಟ್‌ಮೆಂಟುಗಳಲ್ಲಿ ಬೆಳ್ಳನೆಯ ಹಗುರ ಎಎಸಿ ಬ್ಲಾಕ್ ಸಾಮಾನ್ಯ. ಅದರಲ್ಲಿ ಮಾಮೂಲಿ ಪ್ಲಗ್ ಸ್ವಲ್ಪ ಎಳೆದರೂ ಪುಡಿಯ ಸಮೇತ ಈಚೆ ಬರುತ್ತದೆ. ಎಎಸಿಗೆಂದೇ ಬರುವ, ಅಗಲ ಸುರುಳಿಯ ಪ್ಲಗ್ ಕೇಳಿ ತನ್ನಿ, ಡ್ರಿಲ್ಲನ್ನು ಹ್ಯಾಮರ್ ಮೋಡ್‌ಗೆ ಹಾಕದೆ ತೂತು ಕೊರೆಯಿರಿ. ಮಣ್ಣಿನ ಗೋಡೆಯ ಹಳೆ ಮನೆಯಾದರೆ ಗೋಡೆಯನ್ನು ನಂಬದೆ, ಬಾಗಿಲ ಚೌಕಟ್ಟಿಗೋ ಮರದ ಕಂಬಕ್ಕೋ ಬಿಗಿಯುವ ಜಾಗ ಹುಡುಕಬೇಕು. ಬಿಗಿದ ಮೇಲೆ ಎಲ್ಲ ಡ್ರಾಯರ್ ತೆರೆದು, ಮೇಲಿನ ಡ್ರಾಯರ್ ಅಂಚನ್ನು ಕೈಯಿಂದ ಬಲವಾಗಿ ಕೆಳಕ್ಕೆ ಒತ್ತಿ ನೋಡಿ. ಕಪಾಟಿನ ಹಿಂಗಾಲು ಕೂದಲೆಳೆಯಷ್ಟೂ ಏಳಬಾರದು.

ಹಳೆ ಡ್ರಾಯರ್‌ಗಳಿಗೆ ತಡೆ ಇರುವುದಿಲ್ಲ, ಎಳೆದರೆ ಇಡೀ ಡ್ರಾಯರ್ ಕಾಲ ಮೇಲೆ. ಡ್ರಾಯರಿನ ಹಿಂಬದಿಯ ಮೇಲಂಚಿಗೆ 12 ಎಂ.ಎಂ. ದಪ್ಪದ ಸಣ್ಣ ಮರದ ತುಂಡೊಂದನ್ನು ಒಂದೇ ಸ್ಕ್ರೂನಲ್ಲಿ ತಿರುಗುವಂತೆ ಹಾಕಿದರೆ ಸಾಕು; ಅಡ್ಡ ತಿರುಗಿಸಿ ಒಳಗೆ ತಳ್ಳಿ, ಒಳಹೋದ ಮೇಲೆ ನೆಟ್ಟಗೆ ನಿಲ್ಲಿಸಿದರೆ ಮುಂದಿನ ಪಟ್ಟಿಗೆ ತಗುಲಿ ನಿಲ್ಲುತ್ತದೆ. ಡ್ರಾಯರ್ ಬಿಗಿಯಾದರೆ ಓಡುವ ಪಟ್ಟಿಗೆ ಮೇಣದಬತ್ತಿ ಉಜ್ಜಿ. ಮಳೆಗಾಲದಲ್ಲಿ ಬಿಗಿಯಾಯಿತೆಂದು ಹತ್ತರಿ ಹಾಕಿಸಿಬಿಟ್ಟರೆ ಮಾರ್ಚ್–ಏಪ್ರಿಲ್ ಹೊತ್ತಿಗೆ ಮರ ಒಣಗಿ, ಡ್ರಾಯರ್ ಕಡಕಡ ಆಡುತ್ತದೆ. ಮಲೆನಾಡು, ಕರಾವಳಿಯವರು ಇದನ್ನು ವಿಶೇಷವಾಗಿ ನೆನಪಿಡಬೇಕು.

ಅಲುಗಾಡುವ ಕೂಡಿಗೆ ಮೊಳೆ ಹೊಡೆಯುವುದು ನಮ್ಮ ಕಡೆಯ ಕೆಟ್ಟ ಅಭ್ಯಾಸ. ಮೊಳೆಯಿಂದ ಹಳೆ ಮರ ಸೀಳುತ್ತದೆ, ಆರು ತಿಂಗಳಿಗೆ ಮತ್ತೆ ಅಲುಗಾಡುತ್ತದೆ. ಕೂಡನ್ನು ಬಿಚ್ಚಿ, ಹಳೆ ಸರೇಸನ್ನು ಬಿಸಿನೀರಿನ ಬಟ್ಟೆಯಿಂದ ಮೆತ್ತಗೆ ಮಾಡಿ ಪೂರ್ತಿ ಕೆರೆದು, ಒಣಗಿಸಿ, ಆಮೇಲೆ ಫೆವಿಕಾಲ್ ಹಚ್ಚಿ 24 ಗಂಟೆ ಕ್ಲಾಂಪ್‌ನಲ್ಲಿ ಬಿಗಿದಿಡಬೇಕು. ಹಳೆ ಸರೇಸಿನ ಮೇಲೆಯೇ ಫೆವಿಕಾಲ್ ಸುರಿದರೆ ಅದು ಮರಕ್ಕೆ ಇಳಿಯುವುದಿಲ್ಲ, ಕೂಡು ಕೂಡುವುದಿಲ್ಲ.

ಹಿಡಿಕೆಗಳ ಬಗ್ಗೆ ಒಂದು ಮಾತು. ಹಳೆ ಹಿತ್ತಾಳೆ ಹಿಡಿಕೆ ಚಂದ, ಆದರೆ ಹಿತ್ತಾಳೆಯಲ್ಲಿ ಸೀಸ ಬೆರೆಸುವುದುಂಟು, ಮಗು ಅದಕ್ಕೆ ಬಾಯಿ ಹಾಕದೆ ಬಿಡುವುದಿಲ್ಲ. ಚನ್ನಪಟ್ಟಣದ ಅರಗಿನ ಬಣ್ಣದ ಗುಂಡಿಗಳು ಇಲ್ಲಿ ಚೆನ್ನಾಗಿ ಹೊಂದುತ್ತವೆ. ಆಲೆ ಮರವನ್ನು ಚಕ್ರದ ಮೇಲೆ ಕಡೆದು, ತಿರುಗುವಾಗಲೇ ಅರಗನ್ನು ಒತ್ತಿ ಹಿಡಿದು, ಉಜ್ಜಿದ ಬಿಸಿಗೆ ಅದು ಕರಗಿ ಹತ್ತುವಂತೆ ಮಾಡುವ ಕೆಲಸ ಅದು. ಕೊಳ್ಳುವಾಗ ಅರಗಿನ ಬಣ್ಣವೋ ಮೇಲೆ ಬಳಿದ ಪೇಂಟೋ ಎಂದು ಕೇಳಿ, ಹೆದ್ದಾರಿಯ ಅಂಗಡಿಗಳಲ್ಲಿ ಎರಡೂ ಇರುತ್ತವೆ. ಗುಂಡಿಯ ವ್ಯಾಸ 40 ಎಂ.ಎಂ. ಇರಲಿ. ಆಟಿಕೆಗಳ ಪರೀಕ್ಷೆಯಲ್ಲಿ ಬಳಸುವ ಕೊಳವೆಯ ವ್ಯಾಸ 31.7 ಎಂ.ಎಂ.; ಅದರೊಳಗೆ ಪೂರ್ತಿ ಇಳಿಯುವ ವಸ್ತು ಮಗುವಿನ ಗಂಟಲಲ್ಲಿ ಸಿಕ್ಕಬಹುದು ಎಂಬ ಲೆಕ್ಕ. ಗುಂಡಿಯನ್ನು ಅಂಟಿಸದೆ, ಡ್ರಾಯರಿನ ಒಳಗಿನಿಂದ 4 ಎಂ.ಎಂ. ಬೋಲ್ಟ್, ಅಗಲ ವಾಷರ್ ಹಾಕಿ ಬಿಗಿಸಿ.

ತೊಟ್ಟಿಲು: ಶಾಸ್ತ್ರಕ್ಕೆ ಪೂರ್ಣಾಂಕ, ರಾತ್ರಿಗೆ ಸೊನ್ನೆ

ಹಳೆ ತೊಟ್ಟಿಲ ಬಗ್ಗೆ ನಿಷ್ಠುರವಾಗಿ ಹೇಳಿದರೆ ಮನೆಯ ಹಿರಿಯರಿಗೆ ನೋವಾಗುತ್ತದೆ. "ನೀವೆಲ್ಲ ಇದರಲ್ಲೇ ಬೆಳೆದವರು" ಎಂಬ ಮಾತಿಗೆ ಉತ್ತರ ಕೊಡುವುದು ಸುಲಭವಲ್ಲ. ಆದರೂ ಅಳತೆಪಟ್ಟಿ ಹಿಡಿದು ನೋಡಿದರೆ ಸಂಗತಿ ಸ್ಪಷ್ಟ.

ಮೊದಲು ಸರಳುಗಳ ನಡುವಿನ ಅಂತರ. ಅಮೆರಿಕದ ಮಿತಿ 60 ಎಂ.ಎಂ.; ಯುರೋಪಿನದು 45ರಿಂದ 65 ಎಂ.ಎಂ. ಕಡೆದ ಸರಳಿನ ಹಳೆ ತೊಟ್ಟಿಲುಗಳಲ್ಲಿ 80–100 ಎಂ.ಎಂ. ಸಿಗುವುದು ಸಾಮಾನ್ಯ, ಅದರಲ್ಲೂ ಸರಳಿನ ಸೊಂಟ ಸಣ್ಣಗಿರುವ ಕಡೆ. ಅಂತರ ದೊಡ್ಡದಿದ್ದರೆ ಮಗುವಿನ ಕಾಲು, ಸೊಂಟ ಹೊರಗೆ ಜಾರುತ್ತದೆ, ತಲೆ ಜಾರುವುದಿಲ್ಲ. ಕೂಸು ಕುತ್ತಿಗೆಯ ಮೇಲೆ ತೂಗುತ್ತದೆ. 60 ಎಂ.ಎಂ. ಚದರದ ಮರದ ತುಂಡೊಂದನ್ನು ಕತ್ತರಿಸಿಟ್ಟುಕೊಂಡು ಪ್ರತಿ ಸಂದಿಗೂ ಒತ್ತಿ ನೋಡಿ. ಒಂದು ಕಡೆ ದಾಟಿದರೂ ಅನುತ್ತೀರ್ಣ. ಎರಡು ಸರಳಿನ ನಡುವೆ ಹೊಸ ಸರಳು ಕೂರಿಸಬಹುದು, ಅದಕ್ಕೆ ಮೇಲಿನ ಪಟ್ಟಿ ಬಿಚ್ಚಿ ಮೇಲೂ ಕೆಳಗೂ ತೂತು ಕೊರೆಯಬೇಕು. ಒಳ್ಳೆಯ ಆಚಾರಿಗೆ ಎರಡು ದಿನದ ಕೆಲಸ. ಹಗ್ಗ ಸುತ್ತುವುದು, ಸೀರೆ ಕಟ್ಟುವುದು, ಸುತ್ತ ದಿಂಬು ಒತ್ತುವುದು ಪರಿಹಾರವಲ್ಲ. ಸುತ್ತ ಕಟ್ಟುವ ಮೆತ್ತೆಗಳನ್ನು ಅಮೆರಿಕ 2022ರಲ್ಲಿ ನಿಷೇಧಿಸಿತು. ಮಗುವಿನ ಮುಖ ಅದಕ್ಕೆ ಒತ್ತಿಕೊಂಡು ಉಸಿರುಗಟ್ಟುತ್ತದೆ.

ಮುಂದಿನದು ತಳ. ತೊಟ್ಟಿಲು ನಿಂತಾಗ ತಳ ಮಟ್ಟಸವಾಗಿರಬೇಕು. ನಾಲ್ಕು ಸರಪಳಿಗಳಲ್ಲಿ ಒಂದರ ಕೊಂಡಿ ಸವೆದು ಅರ್ಧ ಇಂಚು ಉದ್ದವಾದರೂ ಮಗು ಒಂದು ಮೂಲೆಗೆ ಉರುಳುತ್ತದೆ. ಒಳಗೆ ಗಟ್ಟಿ, ಚಪ್ಪಟೆ ಹಾಸಿಗೆ. ಬದಿಗೂ ಹಾಸಿಗೆಗೂ ನಡುವೆ ಎರಡು ಬೆರಳು ತೂರಬಾರದು. ಮಡಚಿದ ಕೌದಿ, ಸಾಸಿವೆ ದಿಂಬು, ಮೇಲೆ ಕಟ್ಟಿದ ಮಣಿಸರ ಇವ್ಯಾವುವೂ ಮಲಗಿದ ಕೂಸಿನ ಜೊತೆ ಇರಬಾರದು.

ಸರಪಳಿ ಮತ್ತು ಕೊಂಡಿ ಮತ್ತೊಂದು ಚಿಂತೆ. ಹಿತ್ತಾಳೆ ಸರಪಳಿಯ ಗಿಣಿ, ಗಂಟೆಗಳ ಕೊಂಡಿಗಳು ಬೆಸುಗೆ ಹಾಕಿದವಲ್ಲ, ಬಗ್ಗಿಸಿದವು. ತೂಗಿ ತೂಗಿ ಬಾಯಿ ಬಿಡುತ್ತವೆ. ಎಸ್ ಆಕಾರದ ಕೊಕ್ಕೆಯ ಬದಲು ತಿರುಪು ಹಾಕಿ ಮುಚ್ಚುವ ಡಿ-ಶ್ಯಾಕಲ್ ಬಳಸಿ. ತೊಲೆಯ ಕೊಂಡಿಯಾದರೆ ಅದು ತೊಲೆಯನ್ನು ತೂರಿ ಮೇಲೆ ನಟ್ಟು ಕಂಡಿದೆಯೋ, ಬರೀ ತಿರುಪಿನ ಹಿಡಿತವೋ ನೋಡಿ, ತಿರುಪಿನದು ಬೇಡ. ಆರ್‌ಸಿಸಿ ಸೂರಿನ ಫ್ಯಾನ್ ಕೊಂಡಿಗೆ ತೊಟ್ಟಿಲು ಕಟ್ಟುವವರಿದ್ದಾರೆ. ಫ್ಯಾನಿನ ಭಾರ ನೇರ ಕೆಳಕ್ಕೆ. ತೊಟ್ಟಿಲದ್ದು ಆ ಬದಿ ಈ ಬದಿ, ಕೊಂಡಿ ಸವೆಯುವುದು ಅಲ್ಲಿ. ಕೂಸಿನ ನಾಲ್ಕು ಪಟ್ಟು ತೂಕದ ಅಕ್ಕಿ ಮೂಟೆ ಹಾಕಿ ಅರ್ಧ ಗಂಟೆ ತೂಗಿ ನೋಡುವುದು ಅತಿಯಾದ ಪರೀಕ್ಷೆಯೇನಲ್ಲ.

ಇಷ್ಟೆಲ್ಲ ಸರಿಪಡಿಸಿದರೂ ತೊಟ್ಟಿಲಿಗೆ ಹಾಕುವ ಶಾಸ್ತ್ರಕ್ಕೆ, ಹಗಲು ಯಾರಾದರೂ ಪಕ್ಕದಲ್ಲಿ ಕೂತು ತೂಗುವಾಗ ಮಾತ್ರ ಸಾಕು. ಮಗು ಮಗುಚಿಕೊಳ್ಳಲು ಅಥವಾ ಕೈಯೂರಿ ಏಳಲು ಶುರುಮಾಡಿದ ದಿನವೇ ತೊಟ್ಟಿಲು ಮತ್ತೆ ಅಟ್ಟಕ್ಕೆ. ರಾತ್ರಿಗೆ ಹೊಸ ಮಂಚ, ಹೊಸ ಗಟ್ಟಿ ಹಾಸಿಗೆ ಕೊಳ್ಳಿ. ಇಡೀ ಕೋಣೆಯಲ್ಲಿ ಹೊಸದಾಗಿ ಕೊಳ್ಳಲೇಬೇಕಾದ್ದು ಅದೊಂದೇ.

ಅಮೆರಿಕದಲ್ಲಿರುವ ಕನ್ನಡದ ಕುಟುಂಬಗಳಲ್ಲಿ ಮಗುವಿನ ಮಂಚ ಗೆಳೆಯರ ಮನೆಯಿಂದ ಮನೆಗೆ ಸುತ್ತುವುದುಂಟು. ಅದರ ಮೇಲಿನ ಚೀಟಿಯಲ್ಲಿ ತಯಾರಿಯ ತಾರೀಖು ನೋಡಿ. ಒಂದು ಬದಿ ಕೆಳಗಿಳಿಯುವ ಮಂಚಗಳ ತಯಾರಿ, ಮಾರಾಟ ಎರಡನ್ನೂ ಅಲ್ಲಿ 2011ರ ಜೂನ್ 28ರಿಂದ ನಿಲ್ಲಿಸಲಾಗಿದೆ. ಹಳೆಯದನ್ನು ಮತ್ತೆ ಮಾರುವುದೂ ಕಾನೂನುಬಾಹಿರ.

ಕಬ್ಬಿಣದ ಬೀರು: ಹತ್ತಕ್ಕೆ ಮೂರು

ಬೀರು ಗಟ್ಟಿ, ಜಾಗ ಧಾರಾಳ. ಆದರೂ ಮಗುವಿನ ಕೋಣೆಯಲ್ಲಿ ಅದರ ಹೊರೆಯೇ ಹೆಚ್ಚು. ಆರೂವರೆ ಅಡಿ ಎತ್ತರದ್ದು ಎರಡೂ ಬಾಗಿಲು ತೆರೆದಾಗ ಮುಂದಕ್ಕೆ ವಾಲುತ್ತದೆ. ನೆಲ ಸ್ವಲ್ಪ ಏರುಪೇರಾಗಿದ್ದರೆ ಸಾಕು. ಗೋಡೆಗೆ ಬಿಗಿಯದ ಬೀರು ಬೇಡ. ಬಾಗಿಲು ಹೊರಗಿನಿಂದ ಮಾತ್ರ ತೆರೆಯುವಂಥದ್ದಾದರೆ ಒಳಗೆ ಅವಿತ ಮಗುವಿಗೆ ಗಾಳಿಯಿಲ್ಲ, ಬೀಗ ಸದಾ ಹಾಕಿರಬೇಕು.

ಹೆಚ್ಚಿನವರಿಗೆ ಹೊಳೆಯದ ಅಪಾಯ ನುಸಿಗುಳಿಗೆ. ವರ್ಷಾನುಗಟ್ಟಲೆ ನ್ಯಾಫ್ತಲಿನ್ ಗುಳಿಗೆ ಇಟ್ಟ ಬೀರಿನ ಬಟ್ಟೆಗೆಲ್ಲ ಆ ವಾಸನೆ ಹಿಡಿದಿರುತ್ತದೆ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವ ನವಜಾತ ಶಿಶುವಿನಲ್ಲಿ ನ್ಯಾಫ್ತಲಿನ್ ಆವಿ ರಕ್ತದ ಕೆಂಪುಕಣಗಳನ್ನು ಒಡೆಯುತ್ತದೆ, ತೀವ್ರ ಕಾಮಾಲೆ ಬರುತ್ತದೆ. ಗುಳಿಗೆ ಜೊತೆ ಎತ್ತಿಟ್ಟ ಬಟ್ಟೆ, ಕಂಬಳಿಯನ್ನು ತೊಳೆಯದೆ ಹೊದೆಸಿದ್ದರಿಂದಲೇ ಹೀಗಾದದ್ದು ವೈದ್ಯಕೀಯ ದಾಖಲೆಗಳಲ್ಲಿದೆ. ಅಜ್ಜಿ ಜೋಪಾನವಾಗಿ ಎತ್ತಿಟ್ಟ ಕುಲಾವಿ, ಮೆತ್ತನೆ ಹಳೆ ಸೀರೆ ಎಲ್ಲಕ್ಕೂ ಈ ಮಾತು ಅನ್ವಯ. ಬೀರಿನಿಂದ ಗುಳಿಗೆ ತೆಗೆದು, ಸೋಪಿನ ನೀರಲ್ಲಿ ಒಳಗೆಲ್ಲ ಒರೆಸಿ, ಬಾಗಿಲು ತೆರೆದು ಬಿಸಿಲು ಬೀಳುವ ಕಡೆ ವಾರಗಟ್ಟಲೆ ಬಿಡಬೇಕು. ವಾಸನೆ ಹೋಗದಿದ್ದರೆ ಬೀರು ಪಡಸಾಲೆಯಲ್ಲೇ ಇರಲಿ.

ತುಕ್ಕು ತೆಗೆದು ಬಣ್ಣ ಬಳಿಸುವುದಾದರೆ ಅಂಗಡಿಯವರು ರೆಡ್ ಆಕ್ಸೈಡ್ ಪ್ರೈಮರ್ ಕೊಡುತ್ತಾರೆ. ಡಬ್ಬಿಯ ಮೇಲೆ ಜಿಂಕ್ ಕ್ರೋಮೇಟ್ ಎಂದಿದ್ದರೆ ಬೇಡ, ಅದರಲ್ಲಿರುವುದು ಕ್ಯಾನ್ಸರ್‌ಕಾರಕ ಕ್ರೋಮಿಯಂ. ಜಿಂಕ್ ಫಾಸ್ಫೇಟ್ ಇರುವುದನ್ನು ಕೇಳಿ ತನ್ನಿ.

ಕುರ್ಚಿ ಮತ್ತು ಟ್ರಂಕು

ಹಾಲೂಡಿಸಲು ಕೂರುವ ಕುರ್ಚಿಗೆ ಹತ್ತಕ್ಕೆ ಎಂಟು. ತೇಗದ ಚೌಕಟ್ಟಿನ, ಬೆತ್ತ ಹೆಣೆದ ಕೈಕುರ್ಚಿ ಸಿಕ್ಕರೆ ಬೇರೆ ನೋಡಬೇಡಿ. ಆಸನದ ಎತ್ತರ 42–45 ಸೆಂ.ಮೀ. ಇರಬೇಕು. ಕ್ಯಾನ್ವಾಸಿನ ಆರಾಮಕುರ್ಚಿ ಅಜ್ಜಂದಿರಿಗೆ ಸರಿ. ಬಾಣಂತಿ ಅದರಲ್ಲಿ ಮುಳುಗಿದರೆ ಕೂಸನ್ನು ಹಿಡಿದುಕೊಂಡು ಏಳಲಾರಳು. ಬೆತ್ತದ ಹೆಣಿಗೆಯ ತೂತುಗಳಲ್ಲಿ ತಿಗಣೆ ಮನೆಮಾಡುತ್ತದೆ, ಹಳೆ ಬೆತ್ತ ಬಿಚ್ಚಿಸಿ ಚೌಕಟ್ಟಿನ ತೂತುಗಳಿಗೆ ಹಬೆ ಹಿಡಿಸಿದ ಮೇಲೆಯೇ ಹೊಸದು ಹೆಣೆಸಿ. ಪುಡಿಪುಡಿಯಾಗುವ ಹಳೆ ಸ್ಪಂಜಿನ ಮೆತ್ತೆ ನೇರ ಕಸಕ್ಕೆ. ತೂಗುಕುರ್ಚಿಯಾದರೆ ಮಗು ಅಂಬೆಗಾಲಿಡುವ ತನಕ ಮಾತ್ರ. ಆಮೇಲೆ ಅದರ ಬಾಗಿದ ಕಾಲಡಿ ಬೆರಳು ಸಿಕ್ಕುತ್ತದೆ.

ಟ್ರಂಕನ್ನು ಆಟಿಕೆಪೆಟ್ಟಿಗೆ ಮಾಡುವುದಾದರೆ ಮುಚ್ಚಳ ಬಿಚ್ಚಿ ಎಸೆಯಿರಿ, ಅಂಚಿಗೆ ಸೀಳಿದ ರಬ್ಬರ್ ಕೊಳವೆ ತೊಡಿಸಿ. ಮುಚ್ಚಳ ಉಳಿಸಿಕೊಂಡರೆ ಚಿಲಕ ತೆಗೆಯಬೇಕು, ಗಾಳಿಗೆ ತೂತು ಕೊರೆಯಬೇಕು, ಮುಚ್ಚಳ ತಾನೇ ನಿಲ್ಲುವ ಆಸರೆ ಹಾಕಬೇಕು. ಅಷ್ಟು ಕಷ್ಟಕ್ಕೆ ಅದು ಬೆಲೆಬಾಳುವುದಿಲ್ಲ.

ಪಾಲಿಶ್: ಕೆಲಸದವರು ಹೇಳುವುದೂ ಕೇಳಬೇಕಾದದ್ದೂ

ಮರಕ್ಕೆ ಏನು ಹಚ್ಚಿಸಬೇಕು ಎಂಬಲ್ಲಿ ಹೆಚ್ಚು ಮಂದಿ ಎಡವುತ್ತಾರೆ. ಪಾಲಿಶ್‌ನವರು ಮೊದಲು ಹೇಳುವುದು ಮೆಲಮೈನ್. ಹೊಳಪು ಚೆನ್ನ, ನೀರಿಗೂ ಜಗ್ಗುವುದಿಲ್ಲ. ಆದರೆ ಅದು ಆಮ್ಲ ಬೆರೆಸಿ ಗಟ್ಟಿಯಾಗಿಸುವ ರಾಳ. ಗಟ್ಟಿಯಾಗುವಾಗಲೂ ಆಮೇಲೆ ವಾರಗಟ್ಟಲೆಯೂ ಫಾರ್ಮಾಲ್ಡಿಹೈಡ್ ಬಿಡುತ್ತದೆ. ಕಣ್ಣುರಿ ಬರುವ ಆ ವಾಸನೆಯನ್ನು "ಎರಡು ದಿನಕ್ಕೆ ಹೋಗುತ್ತೆ ಮೇಡಂ" ಎನ್ನುತ್ತಾರೆ, ಹೋಗುವುದಿಲ್ಲ. ಎರಡು ಡಬ್ಬಿ ಬೆರೆಸುವ ಪಿಯು ಪೂರ್ತಿ ಗಟ್ಟಿಯಾದ ಮೇಲೆ ನಿರುಪದ್ರವಿ, ಆದರೆ ಸಿಂಪಡಿಸುವಾಗ ಹೊರಬರುವ ಐಸೊಸಯನೇಟ್ ಶ್ವಾಸಕೋಶಕ್ಕೆ ಕೆಟ್ಟದ್ದು, ಮನೆಯೊಳಗೆ ಮಾಡಿಸಬೇಡಿ.

ಸ್ಪಿರಿಟ್ ಪಾಲಿಶ್ ಎಲ್ಲಕ್ಕಿಂತ ನಿರುಪದ್ರವಿ. ಅರಗನ್ನು ಮಿಠಾಯಿ, ಗುಳಿಗೆಗಳ ಹೊಳಪಿಗೂ ಬಳಸುತ್ತಾರೆ. ಲೀಟರ್ ಸ್ಪಿರಿಟ್‌ಗೆ 120 ಗ್ರಾಂ ಅರಗಿನ ಚಕ್ಕೆ ರಾತ್ರಿ ನೆನೆಹಾಕಿ, ಬಟ್ಟೆಯಲ್ಲಿ ಸೋಸಿಕೊಂಡರೆ ತೆಳು ಕೈಗೆ ಸರಿ. ಸಿದ್ಧ ದ್ರಾವಣ ಬೇಗ ಹಾಳಾಗುತ್ತದೆ. ಹಳೆಯದು ಒಣಗದೆ ಜಿಗುಟಾಗಿಯೇ ಉಳಿಯುತ್ತದೆ. ಅದರ ದೌರ್ಬಲ್ಯವೂ ಗೊತ್ತಿರಬೇಕು. ಬಿಸಿನೀರಿನ ಪಾತ್ರೆ ಇಟ್ಟರೆ ಬಿಳಿ ಉಂಗುರ ಬೀಳುತ್ತದೆ, ಸೋಪಿನ ನೀರಿಗೆ ಮಂಕಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಸ್ಯಾನಿಟೈಸರ್ ಒಂದು ಹನಿ ಬಿದ್ದರೂ ಅಲ್ಲೇ ಕರಗಿ ಅಂಟಾಗುತ್ತದೆ. ಲಂಗೋಟಿ ಬದಲಿಸುವ ಕಪಾಟಿನ ಮೇಲೆ ಈ ಮೂರೂ ದಿನವೂ ಬೀಳುವುದರಿಂದ ಮೇಲ್ಹಲಗೆಗೆ ಅರಗು ಮಾತ್ರ ಸಾಲದು.

ಆದ್ದರಿಂದ ಒಳ್ಳೆಯ ಜೋಡಿ ಇದು: ಡ್ರಾಯರ್ ಒಳಗೆ ಬರೀ ಅರಗು, ಹೊರಗೆ ಒಂದು ಕೈ ಅರಗಿನ ಮೇಲೆ ಮೂರು ಕೈ ನೀರಿನ (ವಾಟರ್-ಬೇಸ್ಡ್) ಪಿಯು. ಹೊರಗಿನ ಕೈಗೆ ಮೇಣ ತೆಗೆದ ಅರಗನ್ನೇ ಬಳಸಬೇಕು. ಮೇಣ ಇದ್ದರೆ ಪಿಯು ಹಿಡಿಯದೆ ಸಿಪ್ಪೆಯಂತೆ ಏಳುತ್ತದೆ. ಉಪ್ಪುಕಾಗದ 120 ನಂಬರಿನಿಂದ ಶುರುಮಾಡಿ 180, 220. ಎರಡು ಕೈಗಳ ನಡುವೆ 320ರಲ್ಲಿ ಹಗುರವಾಗಿ. 90 ಸೆಂ.ಮೀ. ಉದ್ದ, ಅಷ್ಟೇ ಎತ್ತರ, 45 ಸೆಂ.ಮೀ. ಆಳದ ಕಪಾಟಿಗೆ, ಗೋಡೆ ಕಡೆಯ ಹಿಂಬದಿ ಬಿಟ್ಟು, ಹೊರಮೈ ಎರಡು ಚದರ ಮೀಟರ್‌ ಹತ್ತಿರ ಬರುತ್ತದೆ. ಮೂರು ಕೈಗೆ ಮುಕ್ಕಾಲು ಲೀಟರ್ ಪಿಯು, ಅರಗಿನ ದ್ರಾವಣ ಅರ್ಧ ಲೀಟರ್. ಒಂದು ಲೀಟರಿನ ಡಬ್ಬಿ ಸಾಕು, ನಾಲ್ಕು ಲೀಟರ್ ತರಿಸುವವರಿಗೆ ಲೆಕ್ಕ ತೋರಿಸಿ. ಮಳೆ ಹಿಡಿದ ದಿನ ನೀರಿನ ಪಿಯು ಹಚ್ಚಿದರೆ ಹಾಲು ಬಣ್ಣ ಬಂದು ನಿಲ್ಲುತ್ತದೆ. ಅಗಸೆ ಎಣ್ಣೆಯನ್ನು ಡ್ರಾಯರ್ ಒಳಗೆ ಹಚ್ಚಬೇಡಿ; ಗಾಳಿಯಾಡದ ಕಡೆ ಅದರ ಕಮಟು ವಾಸನೆ ವರ್ಷಗಟ್ಟಲೆ ಹೋಗದು, ಒರೆಸಿದ ಬಟ್ಟೆ ಮುದ್ದೆಯಾಗಿ ಬಿದ್ದಿದ್ದರೆ ತಾನೇ ಹೊತ್ತಿಕೊಳ್ಳಲೂಬಹುದು.

ಪಾಲಿಶ್‌ನವರಿಗೆ ಕೆಲಸ ವಹಿಸುವಾಗ ಮೂರು ವಿಷಯ ಒಪ್ಪಿಸಿಕೊಳ್ಳಿ: ಡಬ್ಬಿ ನಿಮ್ಮ ಮುಂದೆಯೇ ತೆರೆಯಬೇಕು, ಕೆಲಸ ಮನೆಯ ಹೊರಗೆ ಆಗಬೇಕು, ಹೆರಿಗೆಯ ತಾರೀಖಿಗೆ ಕನಿಷ್ಠ ಆರು ವಾರ ಮೊದಲು ಮುಗಿಯಬೇಕು. ನೀರಿನ ಪಿಯು ಎರಡು ಗಂಟೆಗೆ ಕೈಗೆ ಒಣಗಿದಂತೆ ಕಂಡರೂ ಪೂರ್ತಿ ಗಟ್ಟಿಯಾಗಲು ಮೂರು–ನಾಲ್ಕು ವಾರ ಬೇಕು, ಅಲ್ಲಿಯವರೆಗೆ ಮೇಲೆ ಪ್ಲಾಸ್ಟಿಕ್ ಹಾಸಿದರೆ ಅಂಟಿಕೊಳ್ಳುತ್ತದೆ. ಕೊನೆಗೆ ಡ್ರಾಯರುಗಳನ್ನು ಒಂದು ರಾತ್ರಿ ಮುಚ್ಚಿಟ್ಟು ಬೆಳಿಗ್ಗೆ ತೆರೆಯಿರಿ. ವಾಸನೆ ಮೂಗಿಗೆ ಹೊಡೆದರೆ ಬಟ್ಟೆ ಜೋಡಿಸುವ ಕೆಲಸವನ್ನು ಇನ್ನೊಂದು ವಾರ ಮುಂದೂಡಿ, ಡ್ರಾಯರುಗಳನ್ನು ಹೊರಗೆಳೆದು ಗಾಳಿಗೆ ಬಿಡಿ.